ಏಬ್ ಬೈಲಿ ಕಟ್ಟಿದ ತ್ರಿಕೋಣ

ನಾಲ್ಕು ವರ್ಷಗಳಿಗೊಮ್ಮೆ ವಿಶ್ವಕಪ್ಪಿನ ಕಾಲ ಬಂದಾಗ ನನ್ನ ತರಗತಿಯ ವಿದ್ಯಾರ್ಥಿಗಳ ಮನಸ್ಸು ಪಂಪನ ಬನವಾಸಿಯನ್ನು ಬಿಟ್ಟು ಪಂದ್ಯದ ಬಯಲಿಗೆ ಹಾರುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಅದಕ್ಕಾಗಿ ಅವರ ಮೇಲೆ ಮುನಿದವನಲ್ಲ. ಆದರೆ ಇಷ್ಟು ದೇಶಗಳ ತಂಡಗಳನ್ನು ಒಂದೇ ನಾಡಿಗೆ ಬರಮಾಡಿಕೊಂಡು, ಇಂಥ ದಿನ ಇಂಥ ಊರಿನಲ್ಲಿ ಇಂಥವರು ಇಂಥವರೊಡನೆ ಆಡತಕ್ಕದ್ದೆಂದು ಪಟ್ಟಿ ಮಾಡಿ, ಬಂದ ಹಣವನ್ನು ಹಂಚಿ, ಕೊನೆಗೆ ಒಬ್ಬರ ತಲೆಗೆ ಕಿರೀಟವಿಡುವ ಈ ಏರ್ಪಾಡು ಮೊದಲು ಯಾರ ಮನಸ್ಸಿನಲ್ಲಿ ಹುಟ್ಟಿತು ಎಂದು ಕೇಳಿದರೆ, ಓಟಗಳ ಲೆಕ್ಕವನ್ನೆಲ್ಲ ಬಾಯಿಪಾಠ ಮಾಡಿದ ಹುಡುಗನೂ ಸುಮ್ಮನಾಗುತ್ತಾನೆ. ಹಾಗೆ ಯೋಚಿಸಿದವನು ಹೆಸರಾಂತ ಆಟಗಾರನಲ್ಲ. ಚಿನ್ನದ ಗಣಿಗಳ ಷೇರುಗಳನ್ನು ಕೊಂಡು ಮಾರಿ ಕೋಟ್ಯಧೀಶನಾದ ದಕ್ಷಿಣ ಆಫ್ರಿಕದ ಒಬ್ಬ ಸಾಹುಕಾರ. ಸರ್ ಏಬ್ ಬೈಲಿ ಎಂದರೆ ಒಂದು ಕಾಲಕ್ಕೆ ಜೋಹಾನ್ಸ್‌ಬರ್ಗಿನ ಷೇರು ಪೇಟೆಯಿಂದ ಲಂಡನ್ನಿನ ಕುದುರೆಜೂಜಿನ ಬಯಲಿನವರೆಗೆ ಅರಿಯದವರಿರಲಿಲ್ಲ. ಇಂದು ಆತನ ಹೆಸರು ಕ್ರಿಕೆಟ್ಟಿನ ಚರಿತ್ರೆಯಲ್ಲಿ ಎರಡು ಮೂರು ಪುಟಗಳಿಗೆ ಇಳಿದಿದೆ. ಆ ಪುಟಗಳನ್ನು ಓದುವುದರಲ್ಲಿ ನನಗೆ ಕಾದಂಬರಿಯ ರುಚಿ ದೊರೆತುದರಿಂದ ಈ ಬರಹ.

ಏಬ್ರಹಾಂ ಬೈಲಿ ಹುಟ್ಟಿದ್ದು 1864ನೆಯ ಇಸವಿ ನವೆಂಬರ್ 6ರಂದು, ಕೇಪ್ ವಸಾಹತಿನ ಕ್ರಾಡಾಕ್ ಎಂಬ ಊರಿನಲ್ಲಿ. ತಂದೆ ಯಾರ್ಕ್‌ಷೈರಿನಿಂದ ಬಂದು ಅಂಗಡಿ ಇಟ್ಟವನು, ತಾಯಿ ಸ್ಕಾಟ್ಲೆಂಡಿನವಳು. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಹುಡುಗನನ್ನು ತಂದೆ ಓದಿಗಾಗಿ ಇಂಗ್ಲೆಂಡಿಗೆ ಕಳಿಸಿದ. ಓದು ಬಹಳ ಮುಂದೆ ಹೋಗಲಿಲ್ಲ. ಹದಿಹರೆಯದಲ್ಲಿ ಲಂಡನ್ನಿನ ಜವಳಿ ವ್ಯಾಪಾರಸ್ಥರೊಬ್ಬರಲ್ಲಿ ಕೆಲಸಕ್ಕೆ ನಿಂತು, ಅಲ್ಲಿಯೂ ನಿಲ್ಲದೆ ಹುಟ್ಟಿದ ನಾಡಿಗೆ ಮರಳಿ, ಕ್ವೀನ್ಸ್‌ಟೌನಿನಲ್ಲಿದ್ದ ತಂದೆಯ ಅಂಗಡಿ ಸೇರಿದ. ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವುದರಲ್ಲಿಯೇ ಆತನ ಬಾಳು ಕಳೆದುಹೋಗುತ್ತಿತ್ತೋ ಏನೋ. ಆದರೆ 1886ರ ಸುಮಾರಿಗೆ ಟ್ರಾನ್ಸ್‌ವಾಲಿನಲ್ಲಿ ಚಿನ್ನದ ಹುಚ್ಚು ಎದ್ದಿತು.

ಬೈಲಿ ನೂರು ಪೌಂಡುಗಳ ಗಂಟು ಕಟ್ಟಿಕೊಂಡು ಬಾರ್ಬರ್ಟನ್ನಿಗೆ ಹೋದ. ನೂರೂ ಹೋಯಿತು. ಹತ್ತು ಪೌಂಡು ಸಾಲ ಮಾಡಿ ದಲ್ಲಾಳಿಯ ಪರವಾನಗಿ ಪಡೆದ. ಮರುವರ್ಷ ಹೊಸದಾಗಿ ತಲೆಯೆತ್ತುತ್ತಿದ್ದ ಜೋಹಾನ್ಸ್‌ಬರ್ಗನ್ನು ಸೇರಿದ. ಅದೇ ದಶಕದಲ್ಲಿ ನಮ್ಮ ಕೋಲಾರದಲ್ಲಿಯೂ ಇಂಗ್ಲಿಷ್ ಕಂಪನಿಗಳು ಚಿನ್ನಕ್ಕಾಗಿ ನೆಲವನ್ನು ಅಗೆಯುತ್ತಿದ್ದವು. ಆದ್ದರಿಂದ ಆ ವ್ಯವಹಾರದ ಮರ್ಮ ನಮ್ಮ ಓದುಗರಿಗೆ ತೀರ ಅಪರಿಚಿತವಲ್ಲ. ಗಣಿಯಿಂದ ಮೊದಲು ಹೊರಬರುವುದು ಚಿನ್ನವಲ್ಲ, ಕಾಗದ. ಇಂಥ ಕಡೆ ಚಿನ್ನವಿದೆ ಎಂಬ ವರದಿ, ಅದರ ಮೇಲೊಂದು ಕಂಪನಿ, ಕಂಪನಿಯ ಮೇಲೆ ಷೇರು, ಷೇರಿನ ಮೇಲೆ ಜನರ ಆಸೆ. ಕಣ್ಣಿಗೆ ಕಾಣದುದನ್ನು ಕಾಣುವಂತೆ ಬಣ್ಣಿಸಿ ನಾಲ್ಕು ಜನರ ಹಣವನ್ನು ಒಂದೆಡೆ ಕೂಡಿಸಬಲ್ಲವನು ಅಲ್ಲಿ ಗೆಲ್ಲುತ್ತಿದ್ದ. ಬೈಲಿ ಆ ವಿದ್ಯೆಯಲ್ಲಿ ನಿಪುಣನಾದ. ಮೂವತ್ತು ತುಂಬುವುದರೊಳಗೆ ಶ್ರೀಮಂತನಾದ. ಮುಂದೆ ಕ್ರಿಕೆಟ್ಟಿನಲ್ಲಿ ಆತ ಮಾಡಿದ್ದು ಇದನ್ನೇ ಎಂದು ನನಗೆ ತೋರುತ್ತದೆ.

ರಾಜಕಾರಣದಲ್ಲಿ ಆತನ ಗುರು ಸೆಸಿಲ್ ರೋಡ್ಸ್. ಕೇಪಿನಿಂದ ಕೈರೋವರೆಗೆ ಬ್ರಿಟಿಷರ ಕೆಂಪು ಬಣ್ಣವನ್ನು ನಕಾಶೆಯ ಮೇಲೆ ಬಳಿಯಬೇಕೆಂದಿದ್ದ ಆ ರೋಡ್ಸನನ್ನು ಬೈಲಿ ಕಣ್ಣುಮುಚ್ಚಿ ಹಿಂಬಾಲಿಸಿದ. 1895ರ ಕೊನೆಯಲ್ಲಿ ಕ್ರೂಗರನ ಬೋಯರ್ ಸರ್ಕಾರವನ್ನು ಉರುಳಿಸಲು ಜೇಮ್ಸನ್ ಎಂಬವನು ಕುದುರೆ ಸವಾರರೊಡನೆ ಗಡಿ ದಾಟಿ ನುಗ್ಗಿ ಸೆರೆಸಿಕ್ಕಾಗ, ಒಳಗಿನಿಂದ ಆ ಸಂಚಿಗೆ ಕೈಜೋಡಿಸಿದ್ದ ಜೋಹಾನ್ಸ್‌ಬರ್ಗಿನ ಸುಧಾರಣಾ ಸಮಿತಿಯವರಲ್ಲಿ ಬೈಲಿಯೂ ಒಬ್ಬ. ಪ್ರಿಟೋರಿಯದ ಸೆರೆಮನೆ, ಎರಡು ಸಾವಿರ ಪೌಂಡು ದಂಡ. ದಂಡ ತೆತ್ತು ಹೊರಬಂದ. ಅನಂತರದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಕಡೆ ನಿಂತ. 1902ರಲ್ಲಿ ರೋಡ್ಸ್ ತೀರಿಕೊಂಡ ಮೇಲೆ ಆತ ಪ್ರತಿನಿಧಿಸುತ್ತಿದ್ದ ಬಾರ್ಕ್ಲಿ ವೆಸ್ಟ್ ಸ್ಥಾನದಿಂದಲೇ ಕೇಪಿನ ಶಾಸನಸಭೆಗೆ ಬಂದ. ರೋಡ್ಸ್ ತನಗಾಗಿ ಮ್ಯೂಜೆನ್‌ಬರ್ಗಿನ ಕಡಲ ತೀರದಲ್ಲಿ ಕಟ್ಟಿಸತೊಡಗಿದ್ದ ರಸ್ಟ್ ಎನ್ ವ್ರೇಡೆ ಎಂಬ ಮನೆಯನ್ನೂ ಬೈಲಿಯೇ ಪೂರ್ತಿ ಮಾಡಿಸಿ ಅದರಲ್ಲಿ ವಾಸಿಸಿದ. ಗುರುವಿನ ಸ್ಥಾನ, ಗುರುವಿನ ಮನೆ, ಗುರುವಿನ ಕನಸು ಮೂರೂ ಶಿಷ್ಯನ ಪಾಲಿಗೆ ಬಂದವು. ಗುರುವಿಗೆ ಇಲ್ಲದ ಒಂದು ಚಪಲ ಮಾತ್ರ ಶಿಷ್ಯನಲ್ಲಿತ್ತು, ಅದು ಕ್ರಿಕೆಟ್.

ಟ್ರಾನ್ಸ್‌ವಾಲಿನ ಪರವಾಗಿ ಆತ ಕೆಲವೇ ಕೆಲವು ಪ್ರಥಮ ದರ್ಜೆಯ ಪಂದ್ಯಗಳನ್ನು ಆಡಿದ್ದುಂಟು. ಆಟದಲ್ಲಿ ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ಆದರೆ ಆಟಗಾರರನ್ನು ಸಾಕುವುದರಲ್ಲಿ ಆತನದು ರಾಜಾಶ್ರಯದ ಔದಾರ್ಯ. ಇಂಗ್ಲೆಂಡಿನ ಪರವಾಗಿ ಆಡಿದ್ದ ಯಾರ್ಕ್‌ಷೈರಿನ ಫ್ರಾಂಕ್ ಮಿಚೆಲ್ ಆತನ ಕಾರ್ಯದರ್ಶಿಯಾದ. ಲಂಡನ್ನಿನವನಾದ ರೆಜಿ ಷ್ವಾರ್ಟ್ಸ್ ಸಹ ಅದೇ ಕೆಲಸಕ್ಕೆ ಸೇರಿದ. ಕಾರ್ಯದರ್ಶಿಯೆಂಬುದು ಹೆಸರಿಗೆ; ಅವರು ಬರೆದ ಕಾಗದಗಳಿಗಿಂತ ಎಸೆದ ಚೆಂಡುಗಳೇ ಹೆಚ್ಚು ಎಂದು ಊಹಿಸಿದರೆ ತಪ್ಪಾಗಲಾರದು. 1904ರಲ್ಲಿ ಬೈಲಿಯ ಹಣದಿಂದ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಹೋಯಿತು. ಮಿಚೆಲ್ ನಾಯಕ. ಷ್ವಾರ್ಟ್ಸ್ ಅಲ್ಲಿ ಬೊಸಾಂಕೆ ಎಂಬಾತ ಕಂಡುಹಿಡಿದಿದ್ದ ಗೂಗ್ಲಿ ಎಸೆತದ ಗುಟ್ಟನ್ನು ಕಲಿತ. ಬಲಕ್ಕೆ ತಿರುಗುವಂತೆ ಕಂಡು ಎಡಕ್ಕೆ ತಿರುಗುವ ಆ ಚೆಂಡಿನ ಮಾಯೆಯನ್ನು ಆತ ತನ್ನಲ್ಲೇ ಬಚ್ಚಿಟ್ಟುಕೊಳ್ಳಲಿಲ್ಲ. ವೋಗ್ಲರ್, ಫಾಕ್ನರ್, ವೈಟ್ ಎಂಬ ಮೂವರು ಅದನ್ನು ಕಲಿತರು. 1906ರ ಜನವರಿಯಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ದಕ್ಷಿಣ ಆಫ್ರಿಕ ಇಂಗ್ಲೆಂಡನ್ನು ಒಂದೇ ಒಂದು ವಿಕೆಟ್ಟಿನಿಂದ ಸೋಲಿಸಿತು. ಅದು ಆ ದೇಶದ ಮೊದಲ ಟೆಸ್ಟ್ ಜಯ. ಐದು ಟೆಸ್ಟುಗಳಲ್ಲಿ ನಾಲ್ಕು ಅವರಿಗೆ ಸಂದವು.

ಈ ಗೆಲುವುಗಳು ಚಾಪೆಯ ಮೇಲಿನ ಗೆಲುವುಗಳೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ದಕ್ಷಿಣ ಆಫ್ರಿಕದಲ್ಲಿ ಆಗ ಗಟ್ಟಿ ನೆಲದ ಮೇಲೆ ಚಾಪೆ ಬಿಗಿದು ಆಡುತ್ತಿದ್ದರು. ನಮ್ಮ ಮೈಸೂರು ಸೀಮೆಯ ಶಾಲಾ ಕಾಲೇಜುಗಳ ಬಯಲುಗಳಲ್ಲಿ ತೆಂಗಿನ ನಾರಿನ ಚಾಪೆಯ ಮೇಲೆ ಆಡಿದವರಿಗೆ ಅದರ ಸ್ವಭಾವ ಗೊತ್ತು: ಚೆಂಡು ಪುಟಿದು ಏಳುತ್ತದೆ, ಚೆನ್ನಾಗಿ ತಿರುಗುತ್ತದೆ. ಇಂಗ್ಲೆಂಡಿನ ಹಸಿ ಹುಲ್ಲುನೆಲ ಬೇರೆಯೇ ಒಂದು ಲೋಕ.

1907ರ ನವೆಂಬರ್ 30ರಂದು ಬೈಲಿ ಲಂಡನ್ನಿನ ಎಂ.ಸಿ.ಸಿ.ಯ ಕಾರ್ಯದರ್ಶಿ ಫ್ರಾನ್ಸಿಸ್ ಲೇಸಿಗೆ ಒಂದು ಪತ್ರ ಬರೆದ. ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಈ ಮೂರೂ ಸೇರಿ ಒಂದು ಸಾಮ್ರಾಜ್ಯ ಕ್ರಿಕೆಟ್ ಮಂಡಳಿ ಆಗಬೇಕು. ದೇಶದೇಶಗಳ ನಡುವಣ ಪಂದ್ಯಗಳಿಗೆ ಅದು ನಿಯಮಗಳನ್ನು ವಿಧಿಸಬೇಕು. ಮೂರೂ ತಂಡಗಳು 1909ರಲ್ಲಿ ಇಂಗ್ಲೆಂಡಿನಲ್ಲಿ ಕಲೆತು ತಮ್ಮಲ್ಲಿ ಯಾರು ಮೇಲೆಂಬುದನ್ನು ನಿರ್ಣಯಿಸಿಕೊಳ್ಳಬೇಕು. ಪತ್ರದ ಸಾರ ಇಷ್ಟು. ಆತ ಕೇಳಿದ್ದು ಎರಡು ವಸ್ತುಗಳನ್ನು ಎಂಬುದನ್ನು ಓದುಗರು ಗಮನಿಸಬೇಕು: ಒಂದು ಉತ್ಸವ, ಒಂದು ಸಭೆ. ಅಂದಿನವರಿಗೆ ಉತ್ಸವವೇ ಮುಖ್ಯವಾಗಿ ಕಂಡಿತು. ಉತ್ಸವ ನಡೆಸಲೆಂದು ಒಂದು ಸಭೆ.

ಈ ಪತ್ರದ ಹಿಂದೆ ಆಟದ ಪ್ರೀತಿಯೊಂದೇ ಇರಲಿಲ್ಲ. ಯುದ್ಧದಲ್ಲಿ ಹರಿದುಹೋದ ದಕ್ಷಿಣ ಆಫ್ರಿಕದ ನಾಲ್ಕು ವಸಾಹತುಗಳನ್ನು ಒಂದುಗೂಡಿಸಿ ಸಾಮ್ರಾಜ್ಯಕ್ಕೆ ಬಿಗಿಯುವ ಪ್ರಯತ್ನ ಆಗ ನಡೆದಿತ್ತು. ಆ ಏಕೀಕರಣದ ಪ್ರಚಾರಕ್ಕೆ ಬೈಲಿ ಹಣ ಸುರಿಯುತ್ತಿದ್ದ. ಕಾನೂನು ಮಾಡಲಾಗದ ಬೆಸುಗೆಯನ್ನು ಕ್ರಿಕೆಟ್ ಮಾಡೀತೆಂದು ಆತ ನಂಬಿದ್ದ. ಬೆಸೆಯಬೇಕಾದವರು ಯಾರು ಯಾರು ಎಂಬ ವಿಷಯದಲ್ಲಿ ಮಾತ್ರ ಆತನ ಕಾಲದ ಬಿಳಿಯರಿಗೆ ಸಂದೇಹವೇ ಇರಲಿಲ್ಲ. ಇದೇ ಜೋಹಾನ್ಸ್‌ಬರ್ಗಿನಲ್ಲಿ 1906ರ ಸೆಪ್ಟೆಂಬರ್ 11ರಂದು ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರು ಸಭೆ ಸೇರಿ, ತಮ್ಮನ್ನು ಕಳ್ಳರಂತೆ ನೋಂದಾಯಿಸುವ ಕಾಯಿದೆಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. ಬೈಲಿಯ ಪತ್ರ ಲಾರ್ಡ್ಸಿನ ಕಡತ ಸೇರಿ ಒಂದೂವರೆ ತಿಂಗಳಾಗುವ ಮೊದಲು, 1908ರ ಜನವರಿಯಲ್ಲಿ, ಅದೇ ಊರಿನ ನ್ಯಾಯಾಲಯ ಮೋಹನದಾಸ ಗಾಂಧಿ ಎಂಬ ವಕೀಲನನ್ನು ಸೆರೆಮನೆಗೆ ಕಳಿಸಿತು. ಗಣಿಗಳ ಒಳಗೆ ಇಳಿಯುತ್ತಿದ್ದವರು ಕರಿಯರು. 1904ರಿಂದ ಮೂರು ನಾಲ್ಕು ವರ್ಷಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಚೀಣೀ ಕೂಲಿಗಳನ್ನೂ ಕರಾರಿನ ಮೇಲೆ ತಂದು ಇಳಿಸಿದ್ದರು. ತ್ರಿಕೋಣದ ಹಣ ಹುಟ್ಟಿದ್ದು ಅಲ್ಲಿ. ಬೈಲಿ ಕೆಟ್ಟವನೆಂದು ಸಾಧಿಸುವ ಉದ್ದೇಶ ನನಗಿಲ್ಲ. ಆತ ತನ್ನ ಕಾಲದ ಸಾಹುಕಾರರಲ್ಲಿ ಧಾರಾಳಿಯೇ. ಆದರೆ ಆತನ ಕ್ರಿಕೆಟ್ ಸಾಮ್ರಾಜ್ಯದ ನಕಾಶೆಯಲ್ಲಿ ಈ ಜನ ಎಲ್ಲಿಯೂ ಇರಲಿಲ್ಲವೆಂಬುದು ಆತನ ಚರಿತ್ರೆಯಿಂದ ಬೇರ್ಪಡಿಸಲಾಗದ ಮಾತು. 1894ರಲ್ಲಿ ಮೊದಲ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಹೊರಟಾಗ, ಕೇಪಿನ ಮಲಯ್ ಸಮುದಾಯದ ವೇಗದ ಬೌಲರ್ ಹೆಂಡ್ರಿಕ್ಸ್‌ನನ್ನು ಬಣ್ಣದ ಕಾರಣದಿಂದ ಹೊರಗಿಟ್ಟರು. ಕೇಪಿನ ಪ್ರಧಾನಿಯಾಗಿ ಆಗ ಇದ್ದವನು ಬೈಲಿಯ ಗುರು ರೋಡ್ಸ್. 1912ರ ತಂಡದಲ್ಲಿದ್ದ ಲೆವೆಲಿನ್ ಮಿಶ್ರ ಸಂತಾನದವನೆಂದು ಚರಿತ್ರಕಾರರು ಬರೆಯುತ್ತಾರೆ. ಆತನನ್ನು ಬಿಳಿಯನೆಂದು ಎಣಿಸಿಯೇ ಆಡಿಸಿದರು.

ಪತ್ರಕ್ಕೆ ಎಂ.ಸಿ.ಸಿ. ಒಲವು ತೋರಿತು, ಆಸ್ಟ್ರೇಲಿಯ ಮುಖ ತಿರುಗಿಸಿತು. ಕಾರಣ ಸ್ಪಷ್ಟವಾಗಿಯೇ ಇದೆ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳ ನಡುವಣ ಪಂದ್ಯಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ಪ್ರವಾಸಕ್ಕೊಮ್ಮೆ ದೊಡ್ಡ ಗಂಟೇ ಮನೆಗೆ ಬರುತ್ತಿತ್ತು. ಆ ಅನ್ನದ ತಟ್ಟೆಗೆ ಮೂರನೆಯವನೊಬ್ಬ ಕೈಹಾಕುವುದು ಆಸ್ಟ್ರೇಲಿಯದ ಮಂಡಳಿಗೆ ಸೇರಲಿಲ್ಲ. 1909ರಲ್ಲಿ ಆಸ್ಟ್ರೇಲಿಯ ಒಂಟಿಯಾಗಿಯೇ ಇಂಗ್ಲೆಂಡಿಗೆ ಬಂದಿತು. ಬೈಲಿಯ ಷೇರು ನೆಲಕ್ಕೆ ಬಿದ್ದಂತೆ ಕಂಡಿತು. ಆದರೆ ಬಾರ್ಬರ್ಟನ್ನಿನಲ್ಲಿ ನೂರು ಪೌಂಡು ಕಳೆದುಕೊಂಡಂದೇ ಆತ ಒಂದು ಪಾಠ ಕಲಿತಿದ್ದ. ಆ ಬೇಸಿಗೆಯಲ್ಲಿಯೇ, ಲಾರ್ಡ್ಸಿನಲ್ಲಿ ಟೆಸ್ಟ್ ನಡೆಯುತ್ತಿದ್ದಾಗಲೇ, ಜೂನ್ 15ರಂದು ಮೂರೂ ದೇಶಗಳ ಪ್ರತಿನಿಧಿಗಳು ಅಲ್ಲಿ ಸಭೆ ಸೇರಿದರು. ಎಂ.ಸಿ.ಸಿ.ಯ ಅಧ್ಯಕ್ಷನಾಗಿದ್ದ ಚೆಸ್ಟರ್‌ಫೀಲ್ಡ್‌ನ ಅರ್ಲ್ ಅಧ್ಯಕ್ಷತೆ ವಹಿಸಿದ. ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಹುಟ್ಟಿತು. ಮುಂದಿನ ತಿಂಗಳ ಇನ್ನೊಂದು ಸಭೆಯಲ್ಲಿ ನಿಯಮಗಳು ಬಂದವು: ಆಟಗಾರ ತಾನು ಹುಟ್ಟಿದ ದೇಶಕ್ಕೆ ಆಡಬಹುದು, ಅಥವಾ ನಾಲ್ಕು ವರ್ಷ ನೆಲಸಿದ ದೇಶಕ್ಕೆ ಆಡಬಹುದು, ಒಂದು ದೇಶದ ಪರವಾಗಿ ಆಡಿದವನು ಒಪ್ಪಿಗೆಯಿಲ್ಲದೆ ಇನ್ನೊಂದರ ಪರ ಆಡಕೂಡದು. ಮೊದಲ ತ್ರಿಕೋಣ ಪಂದ್ಯಾವಳಿ 1912ರಲ್ಲಿ, ಇಂಗ್ಲೆಂಡಿನಲ್ಲಿ.

ಏರ್ಪಾಡು ಕಾಗದದ ಮೇಲೆ ಬಹಳ ಅಂದವಾಗಿತ್ತು. ಪ್ರತಿಯೊಂದು ತಂಡವೂ ಉಳಿದ ಎರಡರೊಡನೆ ಮೂರು ಮೂರು ಸಲ ಆಡಬೇಕು. ಒಟ್ಟು ಒಂಬತ್ತು ಟೆಸ್ಟುಗಳು. ಒಂದೊಂದಕ್ಕೆ ಮೂರು ದಿನ. ಲಾರ್ಡ್ಸಿನಲ್ಲಿ ಮೂರು, ಮ್ಯಾಂಚೆಸ್ಟರಿನಲ್ಲಿ ಎರಡು, ಓವಲಿನಲ್ಲಿ ಎರಡು, ಲೀಡ್ಸ್ ಮತ್ತು ನಾಟಿಂಗ್‌ಹ್ಯಾಮುಗಳಲ್ಲಿ ಒಂದೊಂದು. ಮೇ ತಿಂಗಳ ಕೊನೆಯಲ್ಲಿ ಆರಂಭ, ಆಗಸ್ಟ್ ತಿಂಗಳಲ್ಲಿ ಮುಕ್ತಾಯ. ನಡುನಡುವೆ ಎರಡು ಪ್ರವಾಸಿ ತಂಡಗಳೂ ಕೌಂಟಿಗಳೊಡನೆ ಆಡುತ್ತ ಊರೂರು ಸುತ್ತಬೇಕು. ಕೌಂಟಿಗಳ ತಮ್ಮತಮ್ಮ ಪಂದ್ಯಗಳೂ ನಿಲ್ಲಕೂಡದು. ಈ ಪಟ್ಟಿಯನ್ನು ಮೊದಲ ಸಲ ನೋಡಿದಾಗ ನಮ್ಮ ವಿಶ್ವವಿದ್ಯಾನಿಲಯದ ಪರೀಕ್ಷಾ ವೇಳಾಪಟ್ಟಿಯೂ ಇಷ್ಟು ಬಿಗಿಯಾಗಿರುವುದಿಲ್ಲ ಎನಿಸಿತು. ಕೊನೆಯ ಇಂಗ್ಲೆಂಡ್-ಆಸ್ಟ್ರೇಲಿಯ ಪಂದ್ಯದ ಮೇಲೆಯೇ ಎಲ್ಲವೂ ನಿಂತುದರಿಂದ ಅದಕ್ಕೆ ಮಾತ್ರ ದಿನದ ಮಿತಿಯನ್ನು ತೆಗೆದು, ನಿರ್ಣಯವಾಗುವವರೆಗೆ ಆಡಿಸಿದರು.

ದೊಡ್ಡ ಉತ್ಸವ ಏರ್ಪಡಿಸುವವನ ಪಾಡು ರಾಜಸೂಯ ಮಾಡಿದ ಧರ್ಮರಾಯನ ಪಾಡು. ಭಂಡಾರಕ್ಕೆ ಕೊರತೆಯಿರುವುದಿಲ್ಲ, ಸಭಾಭವನಕ್ಕೆ ಕೊರತೆಯಿರುವುದಿಲ್ಲ. ಅಗ್ರಪೂಜೆ ಯಾರಿಗೆ ಎಂಬಲ್ಲಿ ಕಲಹ ಏಳುತ್ತದೆ. ಇಲ್ಲಿ ಅದು ಎದ್ದದ್ದು ಆಸ್ಟ್ರೇಲಿಯದಲ್ಲಿ. ತಂಡದ ಮ್ಯಾನೇಜರನನ್ನು ಆರಿಸುವ ಹಕ್ಕು ಆಟಗಾರರದೋ ಮಂಡಳಿಯದೋ ಎಂಬ ಜಗಳ ಬಹಳ ದಿನದಿಂದ ಹೊಗೆಯಾಡುತ್ತಿತ್ತು. 1912ರ ಫೆಬ್ರವರಿ 3ರಂದು ಸಿಡ್ನಿಯಲ್ಲಿ ಆಯ್ಕೆ ಸಮಿತಿಯ ಮೇಜಿನ ಎದುರಿನಲ್ಲಿಯೇ ನಾಯಕ ಕ್ಲೆಮ್ ಹಿಲ್ಲನೂ ಆಯ್ಕೆದಾರ ಮ್ಯಾಕ್‌ಅಲಿಸ್ಟರನೂ ಮುಷ್ಟಿಯುದ್ಧಕ್ಕೆ ಇಳಿದರು. ಸಭ್ಯರ ಆಟದಲ್ಲಿ ಇಂಥ ಅಧ್ಯಾಯಗಳೂ ಇವೆ. ಆಟಗಾರರು ಬಯಸಿದ ಲೇವರನನ್ನು ಬಿಟ್ಟು ಮಂಡಳಿ ಬೇರೊಬ್ಬನನ್ನು ನೇಮಿಸಿತು. ಹಿಲ್, ಟ್ರಂಪರ್, ಆರ್ಮ್‌ಸ್ಟ್ರಾಂಗ್, ಕಾಟರ್, ಕಾರ್ಟರ್, ರಾನ್ಸ್‌ಫರ್ಡ್ ಈ ಆರು ಜನ ಬರುವುದಿಲ್ಲವೆಂದರು, ಬರಲೂ ಇಲ್ಲ. ವಿಕ್ಟರ್ ಟ್ರಂಪರನಿಲ್ಲದ ಆಸ್ಟ್ರೇಲಿಯ ತಂಡವೆಂದರೆ ಕರ್ಣನಿಲ್ಲದ ಕೌರವಸೇನೆ. ಸಿಡ್ ಗ್ರೆಗರಿಯ ನಾಯಕತ್ವದಲ್ಲಿ ಉಳಿದವರು ಹಡಗು ಹತ್ತಿದರು.

ಬೈಲಿಯ ಸ್ವಂತ ತಂಡದ ಸ್ಥಿತಿಯೂ ಅಷ್ಟೇ. ಗೂಗ್ಲಿಯ ನಾಲ್ವರಲ್ಲಿ ವೋಗ್ಲರ್ ಬರಲಿಲ್ಲ. ಷ್ವಾರ್ಟ್ಸನ ಕಾಲ ಮುಗಿಯುತ್ತ ಬಂದಿತ್ತು. ನಾಯಕನಾಗಿ ಮತ್ತೆ ಫ್ರಾಂಕ್ ಮಿಚೆಲ್. ಆತನಿಗೆ ಆಗ ನಲವತ್ತರ ಹೊಸಿಲು. ಇದೂ ಸಾಲದೆಂಬಂತೆ ಮಳೆ ಬಂತು.

ಮೊದಲ ಪಂದ್ಯ ಆಸ್ಟ್ರೇಲಿಯಕ್ಕೂ ದಕ್ಷಿಣ ಆಫ್ರಿಕಕ್ಕೂ ಮ್ಯಾಂಚೆಸ್ಟರಿನಲ್ಲಿ. ಅದರ ಎರಡನೆಯ ದಿನ, ಮೇ 28ರಂದು, ಆಸ್ಟ್ರೇಲಿಯದ ಜಿಮ್ಮಿ ಮ್ಯಾಥ್ಯೂಸ್ ದಕ್ಷಿಣ ಆಫ್ರಿಕದ ಎರಡೂ ಸರದಿಗಳಲ್ಲಿ ಮೂರು ಮೂರು ಸತತ ಚೆಂಡುಗಳಿಗೆ ಮೂರು ಮೂರು ವಿಕೆಟ್ ಕಿತ್ತ. ಒಂದೇ ದಿನ ಎರಡು ಹ್ಯಾಟ್ರಿಕ್. ಟೆಸ್ಟ್ ಚರಿತ್ರೆಯಲ್ಲಿ ಒಂದೇ ಪಂದ್ಯದಲ್ಲಿ ಇದನ್ನು ಸಾಧಿಸಿದವನು ಇಂದಿಗೂ ಆತನೊಬ್ಬನೇ. ಆ ಪಂದ್ಯದಲ್ಲಿ ಆತನಿಗೆ ಸಿಕ್ಕಿದ್ದು ಆ ಆರು ವಿಕೆಟ್ಟುಗಳು ಮಾತ್ರ. ಎರಡು ಸಲವೂ ಮೂರನೆಯ ಬಲಿಯಾದವನು ಟಾಮಿ ವಾರ್ಡ್ ಎಂಬ ವಿಕೆಟ್ ಕೀಪರ್. ಅದು ಆತನ ಮೊದಲ ಟೆಸ್ಟ್. ನನಗೆ ಮ್ಯಾಥ್ಯೂಸನಿಗಿಂತ ಈ ವಾರ್ಡನ ಮೇಲೆ ಹೆಚ್ಚು ಮರುಕ. ದಾಖಲೆ ಎರಡು ಹೆಸರುಗಳನ್ನು ಹೊತ್ತಿದ್ದರೂ ಜನ ಒಂದನ್ನೇ ನೆನೆಯುತ್ತಾರೆ. ವಾರ್ಡ್ ಮುಂದೆಯೂ ಹಲವು ಟೆಸ್ಟುಗಳನ್ನಾಡಿ, 1936ರಲ್ಲಿ ಚಿನ್ನದ ಗಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ವಿದ್ಯುತ್ತು ತಗುಲಿ ಸತ್ತ.

ಲಾರ್ಡ್ಸಿನಲ್ಲಿ ದಕ್ಷಿಣ ಆಫ್ರಿಕ ಇಂಗ್ಲೆಂಡಿನ ಎದುರು 58 ಓಟಗಳಿಗೆ ಉರುಳಿತು. ಫಾಸ್ಟರ್ ಐದು, ಬಾರ್ನ್ಸ್ ಐದು. ಸಿಡ್ನಿ ಬಾರ್ನ್ಸ್ ಆ ಬೇಸಿಗೆಯಲ್ಲಿ ಮನುಷ್ಯಮಾತ್ರನಾಗಿರಲಿಲ್ಲ. ಆರು ಟೆಸ್ಟುಗಳಲ್ಲಿ 39 ವಿಕೆಟ್. ಅದರಲ್ಲಿ 34 ದಕ್ಷಿಣ ಆಫ್ರಿಕದವರದೇ. ಒದ್ದೆ ನೆಲದ ಮೇಲೆ ಆತನ ಚೆಂಡು ಹೇಗೆ ವರ್ತಿಸುವುದೆಂಬುದನ್ನು ಚಾಪೆಯ ಮೇಲೆ ಬೆಳೆದವರು ಹೇಗೆ ಅರಿಯಬೇಕು? ಆಗ ಪಿಚ್ಚಿಗೆ ಹೊದಿಕೆ ಹಾಕುವ ಪದ್ಧತಿ ಇರಲಿಲ್ಲ. ಆಕಾಶ ಸುರಿದದ್ದೆಲ್ಲ ನೆಲದಲ್ಲಿಯೇ ಇಂಗುತ್ತಿತ್ತು. ಇಂಗ್ಲೆಂಡ್-ಆಸ್ಟ್ರೇಲಿಯಗಳ ಮೊದಲೆರಡು ಪಂದ್ಯಗಳು ಮಳೆಯಲ್ಲಿ ನೆನೆದು ಅನಿರ್ಣೀತವಾದವು. ಲಾರ್ಡ್ಸಿನಲ್ಲಿ ಹಾಬ್ಸನ ಶತಕವನ್ನೂ, ಒಂದು ಓಟದಿಂದ ಶತಕ ತಪ್ಪಿದ ಮೆಕಾರ್ಟ್ನಿಯ ಆಟವನ್ನೂ ನೋಡಿದವರಿಗೆ ಸ್ವಲ್ಪ ಸಮಾಧಾನ ಸಿಕ್ಕಿರಬೇಕು. ನಾಟಿಂಗ್‌ಹ್ಯಾಮಿನಲ್ಲಿ ದಕ್ಷಿಣ ಆಫ್ರಿಕ 329 ಓಟ ಗಳಿಸಿ ಆಸ್ಟ್ರೇಲಿಯವನ್ನು 219ಕ್ಕೆ ಮುಗಿಸಿತು. ಇಡೀ ಪಂದ್ಯಾವಳಿಯಲ್ಲಿ ಅವರ ಕೈ ಮೇಲಾದದ್ದು ಅದೊಂದೇ ಸಲ. ಅದನ್ನೂ ಮಳೆ ನುಂಗಿತು. 1912ರ ಆಗಸ್ಟ್ ಇಂಗ್ಲೆಂಡಿನಲ್ಲಿ ಆ ಶತಮಾನದ ಅತ್ಯಂತ ಶೀತಲವಾದ, ಅತ್ಯಂತ ಒದ್ದೆಯಾದ ಆಗಸ್ಟುಗಳಲ್ಲಿ ಒಂದು. ಪಂದ್ಯಾವಳಿ ಮುಗಿದ ನಾಲ್ಕೇ ದಿನಕ್ಕೆ ನಾರ್ವಿಚ್ ಪಟ್ಟಣ ಪ್ರವಾಹದಲ್ಲಿ ಮುಳುಗಿತು.

ಕೊನೆಯ ಪಂದ್ಯ ಓವಲಿನಲ್ಲಿ. ನಾಲ್ಕು ದಿನ ನಡೆಯಿತು. ಆಸ್ಟ್ರೇಲಿಯ ಎರಡನೆಯ ಸರದಿಯಲ್ಲಿ 65ಕ್ಕೆ ಕುಸಿದು 244 ಓಟಗಳಿಂದ ಸೋತಿತು. ಫ್ರೈ ನಾಯಕನಾಗಿದ್ದ ಇಂಗ್ಲೆಂಡ್ ಆರರಲ್ಲಿ ನಾಲ್ಕು ಗೆದ್ದು ಅಗ್ರಸ್ಥಾನ ಪಡೆಯಿತು. ಆಸ್ಟ್ರೇಲಿಯಕ್ಕೆ ಎರಡು ಗೆಲುವು. ಬೈಲಿಯ ದಕ್ಷಿಣ ಆಫ್ರಿಕಕ್ಕೆ ಐದು ಸೋಲು, ಮಳೆಯ ಕೃಪೆಯಿಂದ ಒಂದು ಅನಿರ್ಣೀತ.

ಮಳೆಯೊಂದರ ಮೇಲೆಯೇ ತಪ್ಪು ಹೊರಿಸುವುದು ನ್ಯಾಯವಲ್ಲ. ಆತಿಥೇಯ ದೇಶದ ಜನ ತಮ್ಮವರಿಲ್ಲದ ಪಂದ್ಯಕ್ಕೆ ಏಕೆ ಬರಬೇಕು ಎಂಬ ಪ್ರಶ್ನೆಯನ್ನು ಏರ್ಪಾಡು ಮಾಡಿದವರು ಕೇಳಿಕೊಂಡಿರಲಿಲ್ಲ. ಆಸ್ಟ್ರೇಲಿಯವೂ ದಕ್ಷಿಣ ಆಫ್ರಿಕವೂ ಆಡುವಾಗ ಆಸನಗಳು ಬರಿದಾಗಿರುತ್ತಿದ್ದವು. ಒಂದು ಬೇಸಿಗೆಗೆ ಒಂಬತ್ತು ಟೆಸ್ಟುಗಳು ಅಜೀರ್ಣವೆಂದು ಅಂದಿನ ಪತ್ರಿಕೆಗಳು ಬರೆದವು. ಇಂದು ಇಂಥ ಪಂದ್ಯಾವಳಿ ಏರ್ಪಡಿಸುವವರು ಮೊದಲು ಲೆಕ್ಕ ಹಾಕುವುದೇ ಇದನ್ನು: ಪರದೇಶದ ಎರಡು ತಂಡಗಳು ಆಡುವ ದಿನ ಬಾಗಿಲ ಬಳಿ ಎಷ್ಟು ಜನ ನಿಲ್ಲುತ್ತಾರೆ? 1987ರಲ್ಲಿ ಭಾರತ-ಪಾಕಿಸ್ತಾನಗಳು ಜೊತೆಯಾಗಿ ವಿಶ್ವಕಪ್ ನಡೆಸಿದಾಗ, ಎರಡೂ ಆತಿಥೇಯರು ಸೆಮಿಫೈನಲಿನಲ್ಲಿ ಸೋತ ಮೇಲೂ ಕಲ್ಕತ್ತೆಯ ಈಡನ್ ಗಾರ್ಡನ್ ಆಸ್ಟ್ರೇಲಿಯ-ಇಂಗ್ಲೆಂಡ್ ಅಂತಿಮ ಪಂದ್ಯಕ್ಕೆ ತುಂಬಿತ್ತು. 1912ರ ಮ್ಯಾಂಚೆಸ್ಟರಿಗೆ ಆ ಮನಸ್ಸು ಇರಲಿಲ್ಲ.

ಕರೆಯಿಸಿಕೊಳ್ಳದವರ ಮಾತೂ ಒಂದಿದೆ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಆಗ ಬಹಳ ಒಳ್ಳೆಯ ಕ್ರಿಕೆಟ್ ಇತ್ತು. 1908ರಲ್ಲಿ ಇಂಗ್ಲೆಂಡಿಗೆ ಬಂದ ಅವರ ಬಾರ್ಟ್ ಕಿಂಗ್ ಆ ವರ್ಷದ ಬೌಲಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತಿದ್ದ. ಸಾಮ್ರಾಜ್ಯದ ಹೊರಗಿನವರೆಂಬ ಕಾರಣಕ್ಕೆ ಕಾನ್ಫರೆನ್ಸಿನ ಬಾಗಿಲು ಅವರಿಗೆ ತೆರೆಯಲಿಲ್ಲ. 1912ರ ಪಂದ್ಯಾವಳಿ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ ಆಸ್ಟ್ರೇಲಿಯದವರು ಫಿಲಡೆಲ್ಫಿಯದಲ್ಲಿ ಇಳಿದು ಆಡಿ, ಎರಡು ಓಟಗಳಿಂದ ಸೋತರು. ಸಾಮ್ರಾಜ್ಯದ ಒಳಗೇ ಇದ್ದ ಭಾರತಕ್ಕೂ ಕರೆಯಿರಲಿಲ್ಲ. 1911ರಲ್ಲಿ ಪಾಟಿಯಾಲದ ಮಹಾರಾಜನ ನಾಯಕತ್ವದಲ್ಲಿ ನಮ್ಮ ತಂಡವೊಂದು ಇಂಗ್ಲೆಂಡನ್ನು ಸುತ್ತಿಬಂದಿತ್ತು. ದಲಿತ ಕುಲದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ, ಬೆಂಗಳೂರಿನ ಬಿ. ಜಯರಾಂ ಸಹ ತಂಡದಲ್ಲಿದ್ದರು. ಮುಂಬಯಿಯಲ್ಲಿ ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು ಸೇರಿ ಆಡುವ ಇನ್ನೊಂದು ತ್ರಿಕೋಣ 1907ರಲ್ಲಿಯೇ ಆರಂಭವಾಗಿತ್ತು. 1912ರಲ್ಲಿ ಮುಸ್ಲಿಮರ ತಂಡ ಸೇರಿ ಅದು ಚತುಷ್ಕೋಣವಾಯಿತು. ಬೈಲಿಯ ತ್ರಿಕೋಣ ಒಂದೇ ಬೇಸಿಗೆಯಲ್ಲಿ ಬಿದ್ದುಹೋಯಿತು. ಇದು ಕೋಣಗಳನ್ನು ಹೆಚ್ಚಿಸಿಕೊಳ್ಳುತ್ತ ದಶಕಗಳ ಕಾಲ ನಡೆಯಿತು. ಧರ್ಮವಾರು ತಂಡಗಳ ಆ ಪದ್ಧತಿಯ ದೋಷಗಳು ಬೇರೆಯ ವಿಷಯ.

ಬೈಲಿ ಮತ್ತೆ ತ್ರಿಕೋಣದ ಸುದ್ದಿ ಎತ್ತಲಿಲ್ಲ. ಎತ್ತಲು ಕಾಲವೂ ಇರಲಿಲ್ಲ. ಎರಡು ವರ್ಷಗಳಲ್ಲಿ ಮಹಾಯುದ್ಧ ಬಂತು. ಆತ ತನ್ನ ಖರ್ಚಿನಲ್ಲಿ ಗುರಿಕಾರರ ಪಡೆಯೊಂದನ್ನು ಫ್ರಾನ್ಸಿನ ರಣರಂಗಕ್ಕೆ ಕಳಿಸಿದ. ಗೂಗ್ಲಿಯ ನಾಲ್ವರಲ್ಲಿ ವೈಟ್ 1918ರ ಅಕ್ಟೋಬರಿನಲ್ಲಿ ಗಾಯಗಳಿಂದ ಸತ್ತ. ಷ್ವಾರ್ಟ್ಸ್ ಇಡೀ ಯುದ್ಧವನ್ನು ದಾಟಿ, ಶಾಂತಿಯಾದ ಒಂದು ವಾರಕ್ಕೆ ಫ್ರಾನ್ಸಿನಲ್ಲಿಯೇ ಇನ್‌ಫ್ಲುಯೆಂಜ ಜ್ವರದಿಂದ ಹೋದ. 1911ರಲ್ಲಿ ಸರ್ ಆಗಿದ್ದ ಬೈಲಿ 1919ರಲ್ಲಿ ಬ್ಯಾರನೆಟ್ ಆದ. ಪಾರ್ಲಿಮೆಂಟಿನಲ್ಲಿ ಕೂತ, ಕುದುರೆಗಳನ್ನು ಸಾಕಿದ. ಆತನ ಲವ್ಲಿ ರೋಜಾ ಎಂಬ ಕುದುರೆ 1936ರಲ್ಲಿ ಇಂಗ್ಲೆಂಡಿನ ಓಕ್ಸ್ ಜೂಜನ್ನು ಗೆದ್ದಿತು. ಎರಡನೆಯ ಪತ್ನಿ ಮೇರಿ ಗಂಡನಿಗಿಂತ ಹೆಚ್ಚಿನ ಸಾಹಸಿ: 1928ರಲ್ಲಿ ಒಬ್ಬಳೇ ಪುಟ್ಟ ವಿಮಾನವನ್ನು ನಡೆಸಿಕೊಂಡು ಲಂಡನ್ನಿನಿಂದ ಕೇಪ್‌ಟೌನಿಗೆ ಹಾರಿಬಂದಳು, ಹಾರಿಯೇ ಹಿಂದಿರುಗಿದಳು. ಆಕೆಯ ಕೀರ್ತಿ ಆಕಾಶಕ್ಕೆ ಏರುತ್ತಿದ್ದಾಗ ಬೈಲಿಯ ದೇಹ ಕುಸಿಯುತ್ತಿತ್ತು. 1937ರಲ್ಲಿ ಒಂದು ಕಾಲನ್ನು, ಮರುವರ್ಷ ಇನ್ನೊಂದನ್ನು ಕತ್ತರಿಸಿ ತೆಗೆದರು. 1940ರ ಆಗಸ್ಟ್ 10ರಂದು ಆತ ತೀರಿಕೊಂಡ. ಮ್ಯೂಜೆನ್‌ಬರ್ಗಿನ ಆ ಮನೆಯ ಹಿಂದಿನ ಗುಡ್ಡದ ಮೇಲೆ, ಕಡಲಿಗೆ ಎದುರಾಗಿ ಸಮಾಧಿ ಮಾಡಿದರು. ಆಟ ಮತ್ತು ಬೇಟೆಯ ಚಿತ್ರಗಳ ಆತನ ದೊಡ್ಡ ಸಂಗ್ರಹ ಕೇಪ್‌ಟೌನಿನ ರಾಷ್ಟ್ರೀಯ ಕಲಾಶಾಲೆಗೆ ಸಂದಿತು.

ಮಕ್ಕಳಲ್ಲಿ ಡೆರಿಕ್ ಬೈಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಕೌಂಟಿಯ ನಾಯಕನಾದ. ಇನ್ನೊಬ್ಬ ಮಗ ಜಿಮ್ ಬೈಲಿಯ ದಾರಿ ಬೇರೆಯಾಯಿತು. ಬಾಬ್ ಕ್ರಿಸ್ಪ್ ಎಂಬ ಹಳೆಯ ಟೆಸ್ಟ್ ಬೌಲರ್ 1951ರಲ್ಲಿ ಆರಂಭಿಸಿದ ಪತ್ರಿಕೆಯೊಂದಕ್ಕೆ ಜಿಮ್ ತಂದೆಯ ಹಣವನ್ನು ಸುರಿದು, ಬೇಗನೆ ಅದನ್ನು ತಾನೇ ವಹಿಸಿಕೊಂಡ. ಅದೇ ಡ್ರಮ್ ಪತ್ರಿಕೆ. ವರ್ಣಭೇದದ ಕಾಲದ ಕರಿಯ ಬರಹಗಾರರೂ ಛಾಯಾಗ್ರಾಹಕರೂ ತಮ್ಮ ಜನದ ಬಾಳನ್ನು ಲೋಕಕ್ಕೆ ತೋರಿಸಿದ್ದು ಅದರ ಪುಟಗಳಲ್ಲಿ. ಗಣಿಯ ಹಣ ಗಣಿಯವರ ಕಡೆಗೆ ಸ್ವಲ್ಪ ಮಟ್ಟಿಗಾದರೂ ಹರಿದದ್ದು ಹೀಗೆ.

ಉತ್ಸವ ಮುರಿದುಬಿದ್ದರೂ ಅದಕ್ಕಾಗಿ ಕಟ್ಟಿದ ಸಭೆ ಉಳಿಯಿತು. 1926ರಲ್ಲಿ ಭಾರತ, ವೆಸ್ಟ್ ಇಂಡೀಸ್, ನ್ಯೂಜಿಲೆಂಡ್‌ಗಳು ಅದರೊಳಗೆ ಬಂದವು. 1961ರಲ್ಲಿ ದಕ್ಷಿಣ ಆಫ್ರಿಕ ಕಾಮನ್‌ವೆಲ್ತನ್ನು ಬಿಟ್ಟಾಗ ಸಭೆಯನ್ನು ಕರೆಯಿಸಿದವನ ದೇಶವೇ ಸಭೆಯ ಹೊರಗಾಯಿತು. 1965ರಲ್ಲಿ ಹೆಸರಿನಿಂದ ಸಾಮ್ರಾಜ್ಯ ಹೋಗಿ ಅಂತರರಾಷ್ಟ್ರೀಯ ಎಂಬ ಮಾತು ಬಂತು. 1970ರಿಂದ ಎರಡು ದಶಕ ದಕ್ಷಿಣ ಆಫ್ರಿಕದೊಡನೆ ಟೆಸ್ಟ್ ಆಡುವವರೇ ಇಲ್ಲವಾದರು. ಮರಳಿ ಬಂದಾಗ ಅವರ ಮೊದಲ ಪಂದ್ಯವನ್ನು ಏರ್ಪಡಿಸಿದ್ದು ಭಾರತ, 1991ರ ನವೆಂಬರ್ 10ರಂದು, ಕಲ್ಕತ್ತೆಯಲ್ಲಿ. 2003ರ ವಿಶ್ವಕಪ್ಪನ್ನು ಅವರೇ ಮುಖ್ಯ ಆತಿಥೇಯರಾಗಿ ನಡೆಸಿದರು. ಹಲವು ದೇಶಗಳು ಟೆಸ್ಟಿನಲ್ಲಿ ಸೆಣಸಿ ಒಬ್ಬರನ್ನು ಆರಿಸುವ ಬೈಲಿಯ ಮೂಲ ಯೋಚನೆಯೂ 2019ರಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಎಂಬ ಹೆಸರಿನಿಂದ ಮತ್ತೆ ಚಿಗುರಿತು. ಅದರ ಮೂರನೆಯ ಅಂತಿಮ ಪಂದ್ಯ 2025ರ ಜೂನ್ ತಿಂಗಳಲ್ಲಿ ಲಾರ್ಡ್ಸಿನಲ್ಲಿ ನಡೆಯಿತು. ದಕ್ಷಿಣ ಆಫ್ರಿಕ ಆಸ್ಟ್ರೇಲಿಯವನ್ನು ಐದು ವಿಕೆಟ್ಟುಗಳಿಂದ ಗೆದ್ದಿತು. ತಂಡದ ನಾಯಕ ತೆಂಬ ಬವುಮ ಕೇಪ್‌ಟೌನಿನ ಲಾಂಗಾ ಎಂಬ ಕರಿಯರ ಬಡಾವಣೆಯಲ್ಲಿ ಹುಟ್ಟಿದವನು. ಬೈಲಿಯ ಸಮಾಧಿಯಿರುವ ಗುಡ್ಡ ಅಲ್ಲಿಂದ ಬಹಳ ದೂರವೇನಿಲ್ಲ.